ಕಾರ್ಡಿನ ಮೇಲೆ ಬಣ್ಣ ಕಲೆಕಲೆಯಾಗುವುದೇಕೆ?

ಪ್ರಶ್ನೆ: ನಾನು ಧಾರವಾಡದವಳು. ಈ ಸಲ ದೀಪಾವಳಿಗೆ ನೆಂಟರಿಗೆ, ಗೆಳತಿಯರಿಗೆ ಕೈಯಾರೆ ಮಾಡಿದ 30 ಕಾರ್ಡ್ ಕಳಿಸಬೇಕು ಅಂತ ಆಸೆ. ವಿಡಿಯೊ ನೋಡಿ ಡಿಸ್ಟ್ರೆಸ್ ಆಕ್ಸೈಡ್ ಇಂಕ್ ಪ್ಯಾಡ್, ಬಣ್ಣ ಹರಡುವ ಎರಡು ಬ್ಲೆಂಡಿಂಗ್ ಬ್ರಶ್, ಚಿತ್ರ ಕೊರೆದ ಒಂದು ಪ್ಲಾಸ್ಟಿಕ್ ಸ್ಟೆನ್ಸಿಲ್ ತರಿಸಿದೆ. ಆದರೆ ಅವರಿಗೆ ಬಂದ ಹಾಗೆ ನನಗೆ ಬಣ್ಣ ನಯವಾಗಿ ಕೂರುತ್ತಿಲ್ಲ. ಬ್ರಶ್ ಇಟ್ಟ ಕಡೆಯೇ ಗಾಢವಾದ ಕಲೆ. ಸ್ಟೆನ್ಸಿಲ್ ಎತ್ತಿದರೆ ಅಂಚೆಲ್ಲ ಹರಡಿರುತ್ತದೆ. ಹಳದಿ, ನೇರಳೆ ಸೇರಿದ ಕಡೆ ಕೆಸರಿನ ಬಣ್ಣ. ಕಾಗದ ಇಲ್ಲಿಯ ಅಂಗಡಿಯಲ್ಲಿ ಸಿಕ್ಕ ಹ್ಯಾಂಡ್‌ಮೇಡ್ ಪೇಪರ್. ಇದಕ್ಕಿಂತ ದುಬಾರಿ ಇಂಕ್ ತೆಗೆದುಕೊಳ್ಳಬೇಕೇ?

ಉತ್ತರ: ಬೇಡ. ಇಂಕ್‌ಗೆ ಇನ್ನು ಒಂದು ರೂಪಾಯಿಯನ್ನೂ ಸುರಿಯಬೇಡಿ. ನಿಮ್ಮ ಹತ್ತಿರ ಇರುವುದು ಒಳ್ಳೆಯ ಇಂಕೇ. ತೊಂದರೆ ಮುಕ್ಕಾಲು ಪಾಲು ಕಾಗದದ್ದು. ಉಳಿದ ಕಾಲು ಪಾಲು, ಬ್ರಶ್ ಮೊದಲ ಸಲ ಕಾಗದ ಮುಟ್ಟುವ ಗಳಿಗೆಯದ್ದು. ವಿಡಿಯೊದವರು ಇಂಕಿನ ಹೆಸರನ್ನು ಹತ್ತು ಸಲ ಹೇಳುತ್ತಾರೆ, ಕಾಗದದ ವಿಷಯ ಬಂದರೆ ಹಾರಿಸಿಬಿಡುತ್ತಾರೆ.

ಹ್ಯಾಂಡ್‌ಮೇಡ್ ಪೇಪರ್ ನೋಡಲು ಚೆಂದ, ನನಗೂ ಇಷ್ಟ. ಬ್ಲೆಂಡಿಂಗ್‌ಗೆ ಮಾತ್ರ ಅದು ಒಗ್ಗುವುದಿಲ್ಲ. ಅದರ ಮೈಯಲ್ಲಿ ಉಬ್ಬುತಗ್ಗು ಇರುತ್ತದೆ. ಬ್ರಶ್ ಉಬ್ಬಿದ ಕಡೆ ಮಾತ್ರ ಬಣ್ಣ ಹಚ್ಚುತ್ತದೆ, ತಗ್ಗು ಬಿಳಿಯಾಗಿಯೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕಾಗದ ತಯಾರಿಸುವಾಗ ಇಂಕ್ ಒಮ್ಮೆಲೇ ಹೀರದಿರಲಿ ಅಂತ ಗಂಜಿಯಂಥ ಪದಾರ್ಥ ಸೇರಿಸುತ್ತಾರೆ. ಇದಕ್ಕೆ ಸೈಜಿಂಗ್ ಎನ್ನುತ್ತಾರೆ. ಗಂಜಿ ಹಾಕಿದ ಕಾಟನ್ ಸೀರೆಯ ಮೇಲೆ ನೀರು ಬಿದ್ದರೆ ಸ್ವಲ್ಪ ಹೊತ್ತು ನಿಂತು ಆಮೇಲೆ ಇಳಿಯುತ್ತದೆ, ಗಂಜಿ ಇಲ್ಲದ್ದು ತಟ್ಟನೆ ಕುಡಿದುಬಿಡುತ್ತದೆ. ಕಾಗದದ ಕಥೆಯೂ ಅದೇ. ಅಂಗಡಿಯಲ್ಲಿ ಸಿಗುವ ಎಷ್ಟೋ ಹ್ಯಾಂಡ್‌ಮೇಡ್ ಹಾಳೆಗಳಲ್ಲಿ ಸೈಜಿಂಗ್ ಕಡಿಮೆ. ಬ್ರಶ್ ಮುಟ್ಟಿದ ತಕ್ಷಣ ಇಂಕ್ ನಾರಿನೊಳಗೆ ಇಳಿದು ಕೂರುತ್ತದೆ. ಆಮೇಲೆ ನೀವು ಎಷ್ಟು ತಿಕ್ಕಿದರೂ ಅದು ಅಲ್ಲಿಂದ ಕದಲುವುದಿಲ್ಲ. ಬ್ಲೆಂಡಿಂಗ್ ಅಂದರೆ ಇಂಕ್ ಇನ್ನೂ ಕಾಗದದ ಮೇಲ್ಮೈಯಲ್ಲಿ ಇರುವಾಗಲೇ ಅದನ್ನು ಸರಿಸಿ ಹರಡುವುದು. ಸರಿಸಲು ಸಮಯವೇ ಸಿಗದಿದ್ದರೆ ಕಲೆ ಆಗದೆ ಇನ್ನೇನಾಗುತ್ತದೆ?

ಕೊಳ್ಳುವ ಮೊದಲು ಹಾಳೆಯ ಒಂದು ಚೂರು ಕೇಳಿ ತಂದು ಪರೀಕ್ಷಿಸಿ. ಬೆರಳ ತುದಿಯಿಂದ ಒಂದು ಹನಿ ನೀರು ಇಡಿ. ಹನಿ ಕೂಡಲೇ ಮಾಯವಾದರೆ ಆ ಕಾಗದ ಬೇಡ. ಗುಂಡಗೆ ನಿಂತು ನಿಧಾನವಾಗಿ ಇಳಿದರೆ ಒಳ್ಳೆಯದು. ಎಷ್ಟು ಹೊತ್ತಾದರೂ ಇಳಿಯದೆ ಜಾರಿಕೊಂಡೇ ಇದ್ದರೆ ಅದು ಹೊಳಪಿನ ಲೇಪ ಹಾಕಿದ ಆರ್ಟ್ ಕಾರ್ಡ್. ಅದೂ ಬೇಡ, ಇಂಕ್ ಮೇಲೆಯೇ ಉಳಿದು ಮರುದಿನವೂ ಕೈಗೆ ಅಂಟುತ್ತದೆ. ಅಂಗಡಿಯಲ್ಲಿ ಕೇಳಬೇಕಾದದ್ದು ಇಷ್ಟು: ನಯವಾದ, ಹೊಳಪಿಲ್ಲದ ಬಿಳಿ ಕಾರ್ಡ್‌ಸ್ಟಾಕ್, 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ). ಬ್ರಿಸ್ಟಲ್ ಎಂಬ ಗಟ್ಟಿ ಡ್ರಾಯಿಂಗ್ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು, ನಯವಾದ ಬದಿಯನ್ನು ಬಳಸಿ. ಜಲವರ್ಣದ ಕಾಗದದಲ್ಲಿ ಹಾಟ್ ಪ್ರೆಸ್ ಅಂತ ಬರೆದದ್ದು ನಡೆಯುತ್ತದೆ, ಒರಟು ಮೈಯ ಕೋಲ್ಡ್ ಪ್ರೆಸ್ ನಡೆಯುವುದಿಲ್ಲ. ಶಾಲೆಯ ಚಾರ್ಟ್ ಪೇಪರ್ ತೆಳುವಾಯಿತು, ಸುರುಳಿಯಾಗುತ್ತದೆ. ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ನೀವು ತಂದ ಹ್ಯಾಂಡ್‌ಮೇಡ್ ಪೇಪರ್ ವ್ಯರ್ಥವಾಗಲಿಲ್ಲ, ಗಾಬರಿ ಬೇಡ. ಮಡಿಸುವ ಕಾರ್ಡನ್ನು ಅದರಲ್ಲೇ ಮಾಡಿ. ಬಣ್ಣದ ಕೆಲಸವನ್ನು ನಯವಾದ ಕಾರ್ಡ್‌ಸ್ಟಾಕ್ ಮೇಲೆ ಮಾಡಿ, ಅದನ್ನು ಕತ್ತರಿಸಿ ಮೇಲೆ ಅಂಟಿಸಿ. ಸುತ್ತ ಒರಟು ಅಂಚು, ನಡುವೆ ನಯವಾದ ಬಣ್ಣ. ಎರಡಕ್ಕೂ ಮೆರುಗು.

ಇನ್ನೊಂದು ಮಾತು. ಬಣ್ಣ ಹಚ್ಚುವ ಜಾಗದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ರಬ್ಬರಿನಿಂದ ಅಳಿಸಬೇಡಿ. ರಬ್ಬರ್ ತಿಕ್ಕಿದ ಕಡೆ ಮೇಲಿನ ಪದರ ಕಿತ್ತು ಬರುತ್ತದೆ. ಆಗ ಕಾಣಿಸುವುದಿಲ್ಲ. ಇಂಕ್ ಬಿದ್ದ ಮೇಲೆ ಅಲ್ಲೇ ಕಪ್ಪಾದ ಪಟ್ಟೆ ಎದ್ದು ಕಾಣುತ್ತದೆ. ಕೈಯ ಎಣ್ಣೆಯಂಶ ಇದರ ಉಲ್ಟಾ, ಅದು ಬಿದ್ದ ಕಡೆ ಇಂಕ್ ಸರಿಯಾಗಿ ಹಿಡಿಯುವುದಿಲ್ಲ. ಅಂಗೈ ಕೆಳಗೆ ಒಂದು ಟಿಶ್ಯೂ ಇಟ್ಟುಕೊಳ್ಳಿ.

ಈಗ ಬ್ರಶ್. ಪ್ಯಾಡ್‌ಗೆ ಒತ್ತಿದ ಬ್ರಶ್ಶನ್ನು ನೇರವಾಗಿ ಕಾರ್ಡಿನ ನಡುವೆ ಇಡುವುದೇ ಎಲ್ಲರೂ ಮಾಡುವ ಕೆಲಸ. ಬ್ರಶ್ಶಿನಲ್ಲಿರುವ ಇಂಕಿನ ಹೆಚ್ಚು ಪಾಲು ಆ ಮೊದಲ ಮುಟ್ಟಿನಲ್ಲೇ ಇಳಿಯುತ್ತದೆ. ಆದ್ದರಿಂದ ಮೊದಲ ಮುಟ್ಟು ಕಾರ್ಡಿನ ಮೇಲೆ ಬೀಳಬಾರದು. ಕಾರ್ಡನ್ನು ಒಂದು ಗಾಜಿನ ಮೇಲೋ ಹಳೆಯ ಟೈಲ್ಸ್ ಮೇಲೋ ಇಟ್ಟು, ನಾಲ್ಕು ಮೂಲೆಗೆ ಟೇಪ್ ಹಾಕಿ. ಬ್ರಶ್ಶಿಗೆ ಇಂಕ್ ಹಿಡಿಸಿ, ಪಕ್ಕದ ರದ್ದಿ ಹಾಳೆಯ ಮೇಲೆ ನಾಲ್ಕೈದು ಸಲ ತಟ್ಟಿ. ಬಳಿಕ ಕಾರ್ಡಿನ ಹೊರಗೆ, ಗಾಜಿನ ಮೇಲೆಯೇ ಸುತ್ತು ಹಾಕಲು ಶುರು ಮಾಡಿ. ಸುತ್ತುತ್ತ ಸುತ್ತುತ್ತ ಅಂಚು ದಾಟಿ ಕಾರ್ಡಿನೊಳಗೆ ಬನ್ನಿ. ಬ್ರಶ್ ಕಾರ್ಡಿಗೆ ಬರುವ ಹೊತ್ತಿಗೆ ಬಹುಪಾಲು ಒಣಗಿರಬೇಕು. "ಅಯ್ಯೋ, ಬಣ್ಣವೇ ಬರುತ್ತಿಲ್ಲವಲ್ಲ" ಅನಿಸಬೇಕು. ಹಾಗೆ ಅನಿಸಿದರೆ ಸರಿಯಾದ ದಾರಿಯಲ್ಲಿ ಇದ್ದೀರಿ ಅಂತ ಲೆಕ್ಕ.

ಒತ್ತಡ ಎಷ್ಟು ಅಂದರೆ, ಬ್ರಶ್ಶಿನ ಕೂದಲು ಬಾಗಬಾರದು. ಮುಖಕ್ಕೆ ಪೌಡರ್ ಹಚ್ಚುವಾಗ ಯಾರಾದರೂ ಒತ್ತಿ ತಿಕ್ಕುತ್ತಾರಾ? ಈ ಬ್ರಶ್‌ಗಳೂ ಮೇಕಪ್ ಬ್ರಶ್ಶಿನ ಜಾತಿಯವೇ. ಮೊದಲ ಸುತ್ತಿಗೆ ಮಾಸಲು ಬಣ್ಣ ಬರುತ್ತದೆ. ಮತ್ತೆ ಇಂಕ್ ತೆಗೆದು ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಗಾಢ ಬಣ್ಣ ಬೇಕಾದರೆ ಪದರ ಹೆಚ್ಚಿಸಿ, ಒತ್ತಡ ಹೆಚ್ಚಿಸಬೇಡಿ. ಒತ್ತಿ ತಿಕ್ಕಿದರೆ ಒದ್ದೆಯಾದ ಕಾಗದದ ನಾರು ಎದ್ದು ಚಿಕ್ಕ ಚಿಕ್ಕ ಉಂಡೆಯಾಗುತ್ತದೆ. ಅದಾದ ಮೇಲೆ ಆ ಹಾಳೆಯನ್ನು ಬಿಟ್ಟುಬಿಡುವುದೇ ವಾಸಿ.

ಇಷ್ಟಾದರೂ ಒಂದೆರಡು ಕಲೆ ಬಿದ್ದವು ಅನ್ನಿ. ಕೂಡಲೇ ಅದೇ ಬಣ್ಣದ ಪ್ಯಾಡಿನಿಂದ ತುಸುವೇ ಇಂಕ್ ಹಿಡಿದು ಕಲೆಯ ಸುತ್ತಲಿನ ಜಾಗವನ್ನು ಗಾಢ ಮಾಡುತ್ತ ಬನ್ನಿ. ಕಲೆ ಹಿನ್ನೆಲೆಯಲ್ಲಿ ಕರಗುತ್ತದೆ. ನಿಮ್ಮ ಆಕ್ಸೈಡ್ ಇಂಕ್‌ನಲ್ಲಿ ಡೈ, ಪಿಗ್ಮೆಂಟ್ ಎರಡೂ ಬೆರೆತಿವೆ. ಡೈ ನಾರಿನೊಳಗೆ ಇಳಿಯುತ್ತದೆ, ಪಿಗ್ಮೆಂಟ್ ಮೇಲೆ ಕೂರುತ್ತದೆ. ಹಾಗಾಗಿ ಇದು ಸ್ವಲ್ಪ ಹೊತ್ತು ಹಸಿಯಾಗಿಯೇ ಇದ್ದು ತಿದ್ದಲು ಅವಕಾಶ ಕೊಡುತ್ತದೆ, ಕೊನೆಗೆ ಸೀಮೆಸುಣ್ಣದಂಥ ಮಂದ ಮೈ ಬರುತ್ತದೆ. ಕಲಿಯುವವರಿಗೆ ಇಷ್ಟು ಸಹಿಸಿಕೊಳ್ಳುವ ಇಂಕ್ ಬೇರೆ ಕಡಿಮೆ. ಆಫೀಸಿನಲ್ಲಿ ಸೀಲು ಒತ್ತುವ ಪ್ಯಾಡ್ ತಂದು ಪ್ರಯತ್ನಿಸಬೇಡಿ. ಅದನ್ನು ಮಾಡಿರುವುದೇ ಒತ್ತಿದ ಕೂಡಲೇ ಒಳಗಿಳಿಯಲಿ ಅಂತ.

ಕೆಸರು ಬಣ್ಣದ ವಿಷಯ. ಹಳದಿಗೂ ನೇರಳೆಗೂ ಬಣ್ಣದ ಚಕ್ರದಲ್ಲಿ ಎದುರುಬದುರು ಜಾಗ. ಎದುರುಬದುರಿನ ಬಣ್ಣಗಳು ಒದ್ದೆಯಾಗಿ ಬೆರೆತರೆ ಕಂದು ಬಂದೇ ಬರುತ್ತದೆ. ಕೆಂಪು-ಹಸಿರು, ನೀಲಿ-ಕಿತ್ತಳೆ ಜೋಡಿಗಳೂ ಅಷ್ಟೇ. ಎರಡರ ನಡುವೆ ಒಬ್ಬ ಮಧ್ಯಸ್ಥ ಬೇಕು. ಹಳದಿ, ಕಿತ್ತಳೆ, ಗುಲಾಬಿ, ನೇರಳೆ ಈ ಸಾಲಿನಲ್ಲಿ ಹೋದರೆ ಸಂಜೆಯ ಆಕಾಶ ತಾನಾಗಿ ಬರುತ್ತದೆ. ತಿಳಿ ಬಣ್ಣದಿಂದ ಶುರು ಮಾಡಿ, ಪ್ರತಿ ಬಣ್ಣವೂ ಹಿಂದಿನದರ ಮೇಲೆ ಸುಮಾರು 1 ಸೆಂಟಿಮೀಟರ್ ಹತ್ತಿರಲಿ. ಎರಡು ಬಣ್ಣ ಸೇರುವ ಕಡೆ ಗೆರೆ ಕಂಡರೆ ತಿಳಿ ಬಣ್ಣದ ಬ್ರಶ್ಶಿನಿಂದಲೇ ಮತ್ತೆ ಸುತ್ತು ಹಾಕಿ. ಒಂದೇ ಬ್ರಶ್ಶನ್ನು ಹಳದಿಗೂ ನೀಲಿಗೂ ಬಳಸಬೇಡಿ. ನಿಮ್ಮ ಹತ್ತಿರ ಎರಡೇ ಇವೆ ಅಲ್ವಾ, ಇನ್ನೆರಡು ತನ್ನಿ. ಖರ್ಚು ಮಾಡಲೇಬೇಕು ಅನಿಸಿದರೆ ಇಲ್ಲಿ ಮಾಡಿ. ಮೇಕಪ್ ಬ್ರಶ್ಶಿನಲ್ಲಿ ಅಗಲವಾದ, ಒತ್ತೊತ್ತಾದ ಕೂದಲಿನದ್ದು ಸಿಕ್ಕರೂ ಸಾಕು.

ದೀಪಾವಳಿ ಕಾರ್ಡ್ ಅಂದರೆ ಹೆಚ್ಚಿನವರಿಗೆ ಹೊಳೆಯುವುದು ಕಡುನೀಲಿ ರಾತ್ರಿ, ನಡುವೆ ಹಣತೆಯ ಹಳದಿ ಬೆಳಕು. ಇಲ್ಲೇ ಜಾಸ್ತಿ ಜನ ಎಡವುವುದು. ಹಳದಿಗೆ ನೀಲಿ ತಾಗಿದರೆ ಹಸಿರು. ನಡುವೆ ಕಿತ್ತಳೆ ಹಾಕಿದರೆ ನೀಲಿ-ಕಿತ್ತಳೆ ಸೇರಿ ಕಂದು. ಕಿತ್ತಳೆ, ಗುಲಾಬಿ, ನೇರಳೆ ಮೂರನ್ನೂ ದಾಟಿ ನೀಲಿಗೆ ಬರಬೇಕು ಅಂದರೆ ಅಷ್ಟು ಚಿಕ್ಕ ಕಾರ್ಡಿನಲ್ಲಿ ಜಾಗ ಸಾಲದು. ಸುಲಭದ ದಾರಿ ಇದು: ಸ್ಟಿಕ್ಕಿ ನೋಟ್‌ನಿಂದ ಒಂದು ವೃತ್ತ ಕತ್ತರಿಸಿ, ಬೆಳಕು ಬೇಕಾದ ಕಡೆ ಅಂಟಿಸಿ. ಸುತ್ತ ನೀಲಿ ಹಚ್ಚಿ. ಒಣಗಿದ ಮೇಲೆ ವೃತ್ತ ತೆಗೆದು, ಅದನ್ನು ಕತ್ತರಿಸಿ ಉಳಿದ ತೂತಿನ ಹಾಳೆಯನ್ನು ಅದೇ ಜಾಗದಲ್ಲಿಟ್ಟು, ಒಳಗೆ ಹಳದಿ, ಅಂಚಿಗೆ ಚೂರು ಕಿತ್ತಳೆ ಹಚ್ಚಿ. ನೀಲಿ ಬೇಡವೇ ಬೇಡ ಅಂದರೆ ಕಡುಗೆಂಪು, ಕುಂಕುಮದ ಬಣ್ಣದ ರಾತ್ರಿ ಮಾಡಿ. ಹಳದಿಯಿಂದ ಕೆಂಪಿಗೆ ಹೋಗಲು ಯಾವ ಅಡ್ಡಿಯೂ ಇಲ್ಲ. ನನ್ನ ಕಣ್ಣಿಗಂತೂ ಇದೇ ಹಬ್ಬದ ಹಾಗೆ ಕಾಣುತ್ತದೆ.

ಕಿಡಿಗಳು ಬೇಕೆ? ಬೆರಳು ಒದ್ದೆ ಮಾಡಿಕೊಂಡು ಒಣಗಿದ ಹಿನ್ನೆಲೆಯ ಮೇಲೆ ನೀರು ಸಿಡಿಸಿ, ಸ್ವಲ್ಪ ಬಿಟ್ಟು ಟಿಶ್ಯೂವಿನಿಂದ ಮೆಲ್ಲಗೆ ಒತ್ತಿ ತೆಗೆಯಿರಿ, ತಿಕ್ಕಬೇಡಿ. ಡಿಸ್ಟ್ರೆಸ್ ಜಾತಿಯ ಇಂಕ್‌ಗಳು ನೀರಿಗೆ ಓಗೊಡುತ್ತವೆ. ಹನಿ ಬಿದ್ದ ಕಡೆ ಬಣ್ಣ ತಿಳಿಯಾಗುತ್ತದೆ.

ಇನ್ನು ಸ್ಟೆನ್ಸಿಲ್. ಇಂಕ್ ಅಡಿಗೆ ನುಗ್ಗಲು ಕಾರಣ ಸಾಮಾನ್ಯವಾಗಿ ಎರಡೇ: ಬ್ರಶ್ ಒದ್ದೆ, ಇಲ್ಲವೇ ಸ್ಟೆನ್ಸಿಲ್ ಕಾಗದಕ್ಕೆ ಪೂರ್ತಿ ತಾಗಿಲ್ಲ. ಬಾಗಿಲ ಮುಂದೆ ರಂಗೋಲಿ ಅಚ್ಚು ಇಟ್ಟು ಪುಡಿ ಜರಡಿ ಹಿಡಿದರೆ ಅಡಿಗೆ ಹರಡುವುದಿಲ್ಲ, ಯಾಕೆಂದರೆ ಪುಡಿ ಒಣ. ಮಥುರಾ, ವೃಂದಾವನದ ಸಾಂಝಿ ಕಲಾವಿದರು ಕಾಗದವನ್ನು ಸಣ್ಣ ಕತ್ತರಿಯಿಂದ ಜಾಲರಿಯ ಹಾಗೆ ಕತ್ತರಿಸಿ, ಅದರ ಮೂಲಕ ಬಣ್ಣದ ಪುಡಿ ಉದುರಿಸಿ ಕೃಷ್ಣನ ಲೀಲೆಗಳನ್ನು ಮೂಡಿಸುತ್ತಾರೆ. ಎಳೆಯಷ್ಟು ಸಣ್ಣ ಗೆರೆಯೂ ಸ್ಪಷ್ಟವಾಗಿ ಉಳಿಯುವುದು ಪುಡಿಯ ಒಣತನದಿಂದ. ನಿಮ್ಮ ಬ್ರಶ್ಶನ್ನೂ ಆದಷ್ಟು ಆ ಕಡೆಗೇ ತಳ್ಳಬೇಕು. ಹಿನ್ನೆಲೆಗೆ ನಾಲ್ಕೈದು ಸಲ ತಟ್ಟಿದರೆ, ಸ್ಟೆನ್ಸಿಲ್‌ಗೆ ಅದರ ಎರಡರಷ್ಟು ತಟ್ಟಿ. ಸುತ್ತು ಹಾಕುವಾಗ ಪ್ಲಾಸ್ಟಿಕ್ ಮೇಲೆ ಶುರು ಮಾಡಿ ತೆರೆದ ಜಾಗದೊಳಗೆ ಬನ್ನಿ, ಒಳಗಿನಿಂದ ಅಂಚಿನ ಕಡೆ ಗುಡಿಸಿದರೆ ಇಂಕ್ ಅಡಿಗೆ ಹೋಗುತ್ತದೆ. ತೀರಾ ಸಣ್ಣ ತೂತುಗಳಿದ್ದರೆ ಸುತ್ತು ಬಿಟ್ಟು, ಬ್ರಶ್ಶನ್ನು ನೆಟ್ಟಗೆ ಹಿಡಿದು ಮೆಲ್ಲಗೆ ಕುಟ್ಟಿ.

ಸ್ಟೆನ್ಸಿಲ್ ಕದಲದಂತೆ ಹಿಡಿಯಲು, ಅಂಟಿಸಿ ತೆಗೆಯಬಹುದಾದ ಸ್ಪ್ರೇ ಗಮ್ ಬರುತ್ತದೆ. ಹಿಂಬದಿಗೆ ತೆಳ್ಳಗೆ ಹೊಡೆದು, ಹಸಿ ಹೋಗಿ ಬರೀ ಜಿಗುಟು ಉಳಿಯುವವರೆಗೆ ಕಾಯಿರಿ. ಅದಿಲ್ಲದಿದ್ದರೆ ಮಾಸ್ಕಿಂಗ್ ಟೇಪ್ ಸಾಕು. ಟೇಪನ್ನು ಮೊದಲು ನಿಮ್ಮ ಬಟ್ಟೆಗೆ ಒಂದೆರಡು ಸಲ ಅಂಟಿಸಿ ಕಿತ್ತು, ಜಿಗುಟು ಕಡಿಮೆ ಮಾಡಿಕೊಳ್ಳಿ. ಇಲ್ಲದಿದ್ದರೆ ಕಾಗದದ ಸಿಪ್ಪೆಯನ್ನೂ ಕಿತ್ತು ತರುತ್ತದೆ. ಒಂದು ಬದಿಗೆ ಮಾತ್ರ ಉದ್ದಕ್ಕೆ ಟೇಪ್ ಹಾಕಿದರೆ ಬಾಗಿಲಿನ ಹಾಗೆ ಎತ್ತಿ ನೋಡಬಹುದು, ಬಣ್ಣ ಸಾಲದಿದ್ದರೆ ಅದೇ ಜಾಗಕ್ಕೆ ಮತ್ತೆ ಇಳಿಸಬಹುದು. ತೊಳೆದ ಸ್ಟೆನ್ಸಿಲ್ ಪೂರ್ತಿ ಒಣಗದೆ ಮತ್ತೆ ಕೈಗೆತ್ತಿಕೊಳ್ಳಬೇಡಿ. ಮೂಲೆಯಲ್ಲಿ ಅಡಗಿದ ಒಂದು ಹನಿ ನೀರು ಸಾಕು ಇಡೀ ಕೆಲಸ ಕೆಡಿಸಲು. ಮಳೆ ಪೂರ್ತಿ ಹಿಂದೆ ಸರಿಯದ ದಿನಗಳಲ್ಲಿ ಕಾಗದವೂ ತೇವ ಎಳೆದುಕೊಂಡಿರುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಲಗಿಸಿ ಇಡಿ.

ಯಾವ ಸ್ಟೆನ್ಸಿಲ್ ಎಲ್ಲಿ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಒಂದು ಸರಳ ಉಪಾಯ ಮಾಡಿ. ಇಡೀ ಹಿನ್ನೆಲೆಗೆ ತಿಳಿ ಕಿತ್ತಳೆ ಹಚ್ಚಿ, ಒಣಗಿಸಿ, ಅದರ ಮೇಲೆ ಸ್ಟೆನ್ಸಿಲ್ ಇಟ್ಟು ಅದೇ ಕಿತ್ತಳೆಯನ್ನೇ ಇನ್ನೆರಡು ಪದರ ಹಚ್ಚಿ. ಬಣ್ಣದ ಮೇಲೆ ಅದೇ ಬಣ್ಣದ ನೆರಳು. ಬಣ್ಣದ ಆಯ್ಕೆ ತಪ್ಪುವ ಭಯವೇ ಇಲ್ಲ, ನೋಡಿದವರು ಅಂಗಡಿಯದ್ದಾ ಅಂತ ಕೇಳುತ್ತಾರೆ. ಇಂಕ್ ಹತ್ತಿದ ಸ್ಟೆನ್ಸಿಲ್ಲನ್ನು ಒರೆಸುವ ಮೊದಲು ತುಸು ನೀರು ಚಿಮುಕಿಸಿ, ಮಗುಚಿ ಇನ್ನೊಂದು ಹಾಳೆಗೆ ಒತ್ತಿ. ಉಲ್ಟಾ ಚಿತ್ರ ಪುಕ್ಕಟೆ ಸಿಗುತ್ತದೆ.

ಧಾರವಾಡದವರು ಅಂದಿರಿ, ಹಾಗಾಗಿ ಕಸೂತಿಯ ಮಾತು ಬಂದೇ ಬರುತ್ತದೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲ ಕಾರ್ಡಿಗೆ ಹೇಳಿ ಮಾಡಿಸಿದ ಚಿತ್ರಗಳು. ಆದರೆ ಗವಂತಿ, ಮುರ್ಗಿ ಹೊಲಿಗೆಯ ಚಿತ್ರಗಳನ್ನು ಹಾಗೇ ಸ್ಟೆನ್ಸಿಲ್ ಮಾಡಲು ಹೋಗಬೇಡಿ. ಅವು ಬರೀ ಗೆರೆಯ ಕೆಲಸ. ಸ್ಟೆನ್ಸಿಲ್‌ಗೆ ತುಂಬಿದ ಆಕಾರ ಬೇಕು, ಗೆರೆ ಅದಕ್ಕೆ ಶತ್ರು. ಗೆರೆಯೊಂದು ಸುತ್ತಿ ಬಂದು ತನ್ನನ್ನೇ ಸೇರಿದರೆ ಒಳಗಿನ ತುಂಡು ಕಳಚಿ ಬೀಳುತ್ತದೆ. ನನ್ನ ಸಲಹೆ ಮೆಂತಿ ಹೊಲಿಗೆಯನ್ನು ಹಿಡಿಯಿರಿ ಅಂತ. ಅದು ಚೌಕ ಚೌಕವಾಗಿ ತುಂಬುವ ಹೊಲಿಗೆ. ಗ್ರಾಫ್ ಹಾಳೆಯ ಮೇಲೆ ಚಿತ್ರವನ್ನು ಚೌಕಗಳಲ್ಲಿ ಬರೆದು, ಮೇಲೆ ಓಎಚ್‌ಪಿ ಹಾಳೆ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಇಟ್ಟು, ಪ್ರತಿ ಚೌಕದ ನಡುವೆ 1 ಮಿಲಿಮೀಟರ್ ಪಟ್ಟಿ ಬಿಟ್ಟು ಕಟರ್‌ನಿಂದ ಕತ್ತರಿಸಿ. ಚೌಕ 4 ಮಿಲಿಮೀಟರಿಗಿಂತ ಚಿಕ್ಕದಾದರೆ ಕೈ ಸೋಲುತ್ತದೆ. ಬೇಸರದ ಕೆಲಸ ನಿಜ, ಆದರೆ ಒಮ್ಮೆ ಕತ್ತರಿಸಿದರೆ 30 ಕಾರ್ಡಿಗೂ ಅದೇ ಸಾಕು.

ಅಕ್ಷರಕ್ಕೂ ಇದೇ ತೊಡಕು. "ಸಂಕ್ರಾಂತಿ" ಅಂತ ಸ್ಟೆನ್ಸಿಲ್ ಕತ್ತರಿಸಿ ನೋಡಿ, ಎರಡು ಸೊನ್ನೆಗಳ ಹೊಟ್ಟೆಯೂ ಉದುರಿಹೋಗುತ್ತದೆ. ಪ್ರತಿ ಸೊನ್ನೆಗೂ ಒಂದು ಸಣ್ಣ ಸೇತುವೆ ಬಿಡಬೇಕು. ಶುಭಾಶಯದ ಸಾಲಿಗೆ ನಾನು ಸ್ಟೆನ್ಸಿಲ್ ಬಳಸುವುದೇ ಇಲ್ಲ. ಕರಕುಶಲ ಅಂಗಡಿಗಳಲ್ಲಿ ಕನ್ನಡದ ಸ್ಟಾಂಪ್ ಸಿಗುವುದು ಅಪರೂಪ. ಅದಕ್ಕೆ ಸೀದಾ ರಬ್ಬರ್ ಸ್ಟಾಂಪ್ ಮಾಡುವ ಅಂಗಡಿಗೆ ಹೋಗಿ, ಆಫೀಸುಗಳಿಗೆ ಸೀಲು ಮಾಡಿಕೊಡುವವರ ಹತ್ತಿರ. "ದೀಪಾವಳಿಯ ಶುಭಾಶಯಗಳು" ಅಂತ ನಿಮ್ಮದೇ ಕೈಬರಹದಲ್ಲಿ ಕಪ್ಪು ಪೆನ್ನಿನಿಂದ ದಪ್ಪಗೆ ಬರೆದು ಕೊಡಿ. ಅದನ್ನೇ ಸೀಲು ಮಾಡಿಕೊಡುತ್ತಾರೆ. ಹಿನ್ನೆಲೆ ಪೂರ್ತಿ ಒಣಗಿದ ಮೇಲೆ ಕಪ್ಪು ಪಿಗ್ಮೆಂಟ್ ಇಂಕ್‌ನಲ್ಲಿ ಒತ್ತಿ.

30 ಕಾರ್ಡನ್ನು ಒಂದೊಂದಾಗಿ ಮಾಡುತ್ತ ಕೂತರೆ ಹಬ್ಬ ಮುಗಿದಿರುತ್ತದೆ. ಇಡೀ ಎ4 ಹಾಳೆಗೆ ಬಣ್ಣ ಹಚ್ಚಿ, ಆಮೇಲೆ ಕತ್ತರಿಸಿ. ಒಂದು ಎ4ರಲ್ಲಿ 95 x 138 ಮಿಲಿಮೀಟರಿನ ನಾಲ್ಕು ತುಂಡು ಬರುತ್ತವೆ, ಅಂದರೆ 30ಕ್ಕೆ 8 ಹಾಳೆ. ಹಾಳೆ ದೊಡ್ಡದಾದಷ್ಟೂ ಬ್ರಶ್ ಓಡಾಡಲು ಜಾಗ, ಕಲೆಯೂ ಕಡಿಮೆ. ಅಕಸ್ಮಾತ್ ಒಂದು ಮೂಲೆ ಕೆಟ್ಟರೆ ಒಂದೇ ತುಂಡು ಹೋಗುತ್ತದೆ. ಮಡಿಸುವ ಕಾರ್ಡಿಗೆ ಎ4 ಅನ್ನು ಎರಡು ಎ5 ಮಾಡಿ, ಪ್ರತಿಯೊಂದನ್ನೂ ಅರ್ಧಕ್ಕೆ ಮಡಿಸಿ. ಅದಕ್ಕೆ 15 ಹಾಳೆ. ಬಣ್ಣದ ತುಂಡು ಅಂಟಿಸಿದರೆ ಸುತ್ತಲೂ 5 ಮಿಲಿಮೀಟರ್ ಅಂಚು ಉಳಿಯುತ್ತದೆ. ಸ್ಟೆನ್ಸಿಲ್ ಕೆಲಸಕ್ಕೆ, ಎಲ್ಲ ಹಾಳೆಗೂ ಮೊದಲ ಬಣ್ಣ ಮುಗಿಸಿ, ಆಮೇಲೆ ಎಲ್ಲಕ್ಕೂ ಎರಡನೆಯದು. 20ನೇ ಶತಮಾನದ ಮೊದಲ ದಶಕಗಳಲ್ಲಿ ಪ್ಯಾರಿಸ್ಸಿನ ಫ್ಯಾಷನ್ ಪತ್ರಿಕೆಗಳ ಚಿತ್ರಗಳಿಗೆ ಪೊಶ್ವಾರ್ ಎಂಬ ವಿಧಾನದಲ್ಲಿ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದರು. ಪ್ರತಿ ಬಣ್ಣಕ್ಕೂ ಬೇರೆ ಸ್ಟೆನ್ಸಿಲ್. ನೀವೂ ಹೀಗೆ ಒಂದೊಂದೇ ಬಣ್ಣ ಮುಗಿಸುತ್ತ ಹೋದರೆ ಮತ್ತೆ ಮತ್ತೆ ಬ್ರಶ್ ತೊಳೆಯುವ ಕೆಲಸ ತಪ್ಪುತ್ತದೆ, ಕೈಗೂ ಒಂದು ಲಯ ಸಿಗುತ್ತದೆ.

ದಪ್ಪ ಹಾಳೆಯನ್ನು ಸುಮ್ನೆ ಮಡಿಸಿದರೆ ಮಡಿಕೆಯಲ್ಲಿ ಬಿರಿಯುತ್ತದೆ. ರೀಫಿಲ್ ಖಾಲಿಯಾದ ಬಾಲ್‌ಪೆನ್ನಿನಿಂದ ಸ್ಕೇಲ್ ಇಟ್ಟು ಗೆರೆ ಒತ್ತಿ, ಆಮೇಲೆ ಮಡಿಸಿ. ಹಾಳೆಯನ್ನು ಮೆಲ್ಲಗೆ ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೆ ಮಡಿಕೆ ಬಂದರೆ ಚೆನ್ನ. ಅಂಟಿಸಲು ಫೆವಿಕಾಲ್ ಬೇಡ, ನೀರಿನಂಶಕ್ಕೆ ಕಾರ್ಡ್ ಸೊಟ್ಟಗಾಗುತ್ತದೆ. ಎರಡೂ ಬದಿ ಅಂಟುವ ಟೇಪ್ ಬಳಸಿ. ಅಂಚೆಯಲ್ಲಿ ಕಳಿಸುವ ಕಾರ್ಡಿಗೆ ಉಬ್ಬಿಸುವ ಫೋಮ್ ಟೇಪ್ ಹಾಕಬೇಡಿ, ಲಕೋಟೆ ಉಬ್ಬಿ ದಾರಿಯಲ್ಲಿ ಚಪ್ಪಟೆಯಾಗುತ್ತದೆ. ಲಕೋಟೆ 114 x 162 ಮಿಲಿಮೀಟರಿನದ್ದು ಕೇಳಿ, ಅಂಗಡಿಯವರು ಸಿ6 ಅಂದರೆ ಅದೇ. ಆಕ್ಸೈಡ್ ಇಂಕ್ ಒಣಗಿದ ಮೇಲೂ ಒದ್ದೆ ಕೈ ತಾಗಿದರೆ ಎದ್ದುಬರುತ್ತದೆ. ಲಕೋಟೆಗೆ ಹಾಕುವ ಮುನ್ನ ಬಣ್ಣದ ಮೇಲೆ ಒಂದು ಬಟರ್ ಪೇಪರ್ ತುಂಡು ಇಡಿ. ತಲುಪಿದವರಿಗೆ, ಕಿಟಕಿಯ ಬಿಸಿಲಿಗೆ ಇಡಬೇಡಿ ಅಂತ ಹೇಳಿ, ಡೈ ಇಂಕ್ ಬಿಸಿಲಿಗೆ ಬೇಗ ಮಾಸುತ್ತದೆ.